ಡಿಸ್ಕ್ 100% ಅಂತ ಏದುಸಿರು ಬಿಡುವ ಲ್ಯಾಪ್‌ಟಾಪಿಗೆ ಯಾವ ಎಸ್‌ಎಸ್‌ಡಿ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಅಣ್ಣ 2018ರಲ್ಲಿ ತಗೊಂಡ ಗೇಮಿಂಗ್ ಲ್ಯಾಪ್‌ಟಾಪ್ ಈಗ ನನ್ನ ಕೈಗೆ ಬಂದಿದೆ. ಐ5-8300ಎಚ್ ಪ್ರೊಸೆಸರ್, ಜಿಟಿಎಕ್ಸ್ 1050 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಕೆಲಸಕ್ಕೆ ಬರಲು ನಾಲ್ಕು ನಿಮಿಷ ಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಯಾವಾಗ ನೋಡಿದರೂ 100%. ಜಿಟಿಎ 5 ಗೇಮ್ ಲೋಡ್ ಆಗುವಷ್ಟರಲ್ಲಿ ಟೀ ಕುಡಿದು ಬರಬಹುದು. ಒಬ್ಬರು ಅಂಗಡಿಯವರು ಹಾರ್ಡ್ ಡಿಸ್ಕಿನ ಬದಲು ಸಾಟಾ ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಫೈಲ್ ಇಡುವ ಡ್ರೈವ್) ಹಾಕಿಸಿ ಅಂದರು. ಇನ್ನೊಬ್ಬರು 7000 ಎಂಬಿ ಸ್ಪೀಡಿನದ್ದೇ ಬೇಕು ಅಂದರು. ಮೂರನೆಯವರು ಹೊಸ ಲ್ಯಾಪ್‌ಟಾಪೇ ತಗೊಳ್ಳಿ ಅಂದರು. ಅಡಿಕೆ ಮಾರಿದ ಮೇಲೆ ಸ್ವಲ್ಪ ದುಡ್ಡು ಕೊಡ್ತೀನಿ ಅಂತ ಅಪ್ಪಯ್ಯ ಹೇಳಿದ್ದಾರೆ. ಯಾವುದು ತಗೊಳ್ಳಲಿ? ನಾನೇ ಹಾಕಬಹುದಾ? ಎಫ್‌ಪಿಎಸ್ (ಗೇಮಿನಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳು) ಜಾಸ್ತಿ ಆಗುತ್ತಾ? ಊರಲ್ಲಿ ನೆಟ್ ನಿಧಾನ, ಗೇಮ್ ಎಲ್ಲ ಮತ್ತೆ ಡೌನ್‌ಲೋಡ್ ಮಾಡಬೇಕಾ?

ಉತ್ತರ: ಮೂರನೆಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ಲ್ಯಾಪ್‌ಟಾಪಿಗೆ ವಯಸ್ಸಾಗಿದೆ ನಿಜ. ಆದರೆ ನಾಲ್ಕು ಕೋರಿನ ಆ ಐ5 ಇನ್ನೂ ದುಡಿಯುತ್ತದೆ. ಕಾಲೇಜಿನ ಕೆಲಸಕ್ಕೆ, ಆ ಕಾಲದ ಗೇಮುಗಳಿಗೆ ಸಾಕು. ಕುಂಟುತ್ತಿರುವುದು ಡಿಸ್ಕ್ ಒಂದೇ. ಎರಡನೆಯವರು ಹೇಳಿದ 7000 ನಿಮ್ಮ ಮಷಿನ್ನಿನಲ್ಲಿ ಬರುವುದೇ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲನೆಯವರದು ತಪ್ಪಲ್ಲ, ಆದರೆ ನಿಮಗೆ ಅದಕ್ಕಿಂತ ಒಳ್ಳೆಯ ದಾರಿ ಇರಬಹುದು.

ನಾನು ಹೇಳುವುದು ಇಷ್ಟು. ಸ್ಪೀಡಿನ ನಂಬರಿಗೆ ದುಡ್ಡು ಸುರಿಯಬೇಡಿ, ಜಾಗಕ್ಕೆ ಸುರಿಯಿರಿ. ಸಾಧಾರಣ ಎನ್‌ವಿಎಂಇ ಡ್ರೈವ್ (ಸಾಟಾಕ್ಕಿಂತ ವೇಗದ ಬಗೆಯ ಎಸ್‌ಎಸ್‌ಡಿ), 1 ಟಿಬಿ. ಅದನ್ನೂ ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ನೋಡಿ.

ಹಾರ್ಡ್ ಡಿಸ್ಕ್ ಯಾಕೆ ಹೀಗೆ ಒದ್ದಾಡುತ್ತದೆ ಅಂತ ಗೊತ್ತಾದರೆ ಅಂಗಡಿಯಲ್ಲಿ ನಿಮ್ಮನ್ನು ಯಾಮಾರಿಸುವುದು ಕಷ್ಟ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು 5400 ಆರ್‌ಪಿಎಂ ಡಿಸ್ಕ್. ಅಂದರೆ ಒಳಗಿನ ತಟ್ಟೆ ಸೆಕೆಂಡಿಗೆ 90 ಸುತ್ತು ಹೊಡೆಯುತ್ತದೆ. ಕೇಳಲು ಜೋರು. ಆದರೆ ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರುವ ತನಕ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಐದೂವರೆ ಮಿಲಿಸೆಕೆಂಡ್. ಅದಕ್ಕೂ ಮೊದಲು ಹೆಡ್ ಆ ಸಾಲಿಗೆ ಸರಿಯಬೇಕು, ಅದಕ್ಕೆ ಇನ್ನೂ ಹತ್ತು ಮಿಲಿಸೆಕೆಂಡಿನ ಆಸುಪಾಸು. ಹೀಗಾಗಿ ಚೆಲ್ಲಾಪಿಲ್ಲಿ ಬಿದ್ದಿರುವ ಸಣ್ಣ ಸಣ್ಣ ಚೂರುಗಳನ್ನು ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಸಲ ಓದಿದರೆ ಅದೇ ದೊಡ್ಡದು. ಒಂದೊಂದು ಸಲಕ್ಕೆ 4 ಕೆಬಿ ಅಂದುಕೊಂಡರೆ ಸೆಕೆಂಡಿಗೆ ಅರ್ಧ ಎಂಬಿಯೂ ಆಗಲಿಲ್ಲ. ವಿಂಡೋಸ್ ಶುರುವಾಗುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ.

ತೋಟದಲ್ಲಿ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರನನ್ನು ನೋಡಿರುತ್ತೀರಲ್ಲ. ಪಕ್ಕಪಕ್ಕದ ಮರದಲ್ಲಿ ಗೊನೆ ಹಣ್ಣಾಗಿದ್ದರೆ ಅವನು ಕೆಳಗೆ ಇಳಿಯುವುದೇ ಇಲ್ಲ. ಮರವನ್ನು ತೂಗಿ, ಪಕ್ಕದ ಮರ ಹಿಡಿದು, ದಾಟಿಬಿಡುತ್ತಾನೆ. ಅದೇ ಈ ಮೂಲೆಯಲ್ಲಿ ಒಂದು, ಆ ಮೂಲೆಯಲ್ಲಿ ಒಂದು ಗೊನೆ ಇದ್ದರೆ? ಇಳಿಯಬೇಕು, ನಡೆಯಬೇಕು, ಮತ್ತೆ ಹತ್ತಬೇಕು. ಹಾರ್ಡ್ ಡಿಸ್ಕಿನ ಕಥೆ ಇದೇ. ಒಂದು ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 100 ಎಂಬಿ ಆರಾಮಾಗಿ ಬರುತ್ತದೆ. ಚೂರುಪಾರು ಫೈಲ್ ಕೇಳಿದರೆ ಮರ ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಹತ್ತುವ ಇಳಿಯುವ ಮಾತೇ ಇಲ್ಲ, ಒಳಗೆ ತಿರುಗುವ ವಸ್ತುವೇ ಇಲ್ಲ. ಯಾವ ಚೂರು ಕೇಳಿದರೂ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕೈಗೆ ಬರುತ್ತದೆ.

ಈಗ ಡಬ್ಬದ ಮೇಲಿನ ನಂಬರಿಗೆ ಬರೋಣ. ಸಾಟಾ, ಅಂದರೆ ಹಾರ್ಡ್ ಡಿಸ್ಕೂ ಬಳಸುವ ಹಳೆಯ ಜೋಡಣೆಯ ಎಸ್‌ಎಸ್‌ಡಿ ಆದರೆ ಸೆಕೆಂಡಿಗೆ 550 ಎಂಬಿ. ಪಿಸಿಐಇ ಅನ್ನುವ ವೇಗದ ದಾರಿಯ ಮೂರನೇ ತಲೆಮಾರಿನ (ಜೆನ್ 3) ಎನ್‌ವಿಎಂಇ ಅಂದರೆ ಸುಮಾರು 3500. ಜೆನ್ 4 ಅಂದರೆ 7000ದ ತನಕ. ಇವೆಲ್ಲ ಒಂದೇ ದೊಡ್ಡ ಫೈಲನ್ನು ಸಲೀಸಾಗಿ ಓದುವಾಗಿನ ಲೆಕ್ಕ, ಪಕ್ಕಪಕ್ಕದ ಮರದ ಲೆಕ್ಕ. ಚೂರುಗಳನ್ನು ಒಂದೊಂದಾಗಿ ಓದುವಾಗ ಒಳ್ಳೆಯ ಸಾಟಾ ಡ್ರೈವ್ ಸೆಕೆಂಡಿಗೆ ಮೂವತ್ತು ನಲವತ್ತು ಎಂಬಿ ಕೊಟ್ಟರೆ, ಎನ್‌ವಿಎಂಇ ಐವತ್ತು ಅರವತ್ತು ಕೊಡುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ಕೊಡುತ್ತಿರುವುದು ಅರ್ಧ ಎಂಬಿಯೂ ಇಲ್ಲ. ಅರ್ಧದಿಂದ ನಲವತ್ತಕ್ಕೆ ಹೋಗುವುದೇ ದೊಡ್ಡ ಜಿಗಿತ. ನಲವತ್ತರಿಂದ ಅರವತ್ತಕ್ಕೆ ಹೋಗಿದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಜೊತೆಗೆ ನಿಮ್ಮ 8ನೇ ತಲೆಮಾರಿನ ಇಂಟೆಲ್ ಮಷಿನ್ನಿಗೆ ಪಿಸಿಐಇ ಜೆನ್ 3 ತನಕ ಮಾತ್ರ ಗೊತ್ತು. ಜೆನ್ 4 ಡ್ರೈವ್ ಹಾಕಿದರೆ ಕೆಲಸ ಮಾಡುತ್ತದೆ, ಏನೂ ಕೆಡುವುದಿಲ್ಲ, ಆದರೆ ಜೆನ್ 3 ವೇಗಕ್ಕೆ ಇಳಿದು ಓಡುತ್ತದೆ. ಜೆನ್ 4 ಡ್ರೈವೇ ಕಡಿಮೆ ರೇಟಿಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. 7000 ಬರುತ್ತದೆ ಅಂತ ಮಾತ್ರ ಜಾಸ್ತಿ ಕೊಡಬೇಡಿ.

ಇಲ್ಲಿ ಒಂದು ಮಾತು ಹೇಳಬೇಕು. ಗೇಮ್ ಲೋಡ್ ಆಗಲು ಹೊತ್ತು ತಗೊಂಡರೆ ಅದು ಯಾವಾಗಲೂ ಡಿಸ್ಕಿನ ತಪ್ಪಲ್ಲ. ಜಿಟಿಎ ಆನ್‌ಲೈನ್ ವರ್ಷಗಟ್ಟಲೆ ಎಲ್ಲರನ್ನೂ ಕಾಯಿಸುತ್ತಿತ್ತು, ಎಸ್‌ಎಸ್‌ಡಿ ಇದ್ದವರನ್ನೂ. 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ಕುತೂಹಲಕ್ಕೆ ಒಳಗೆ ಇಣುಕಿ ನೋಡಿದ. ಸುಮಾರು 63,000 ಐಟಂಗಳ, 10 ಎಂಬಿಯ ಒಂದು ಪಟ್ಟಿಯನ್ನು ಆ ಗೇಮ್ ಅತಿ ದಡ್ಡ ರೀತಿಯಲ್ಲಿ ಓದುತ್ತಿತ್ತು, ಅದೂ ಪ್ರೊಸೆಸರಿನ ಒಂದೇ ಕೋರಿನಲ್ಲಿ. ಅವನು ಅದನ್ನು ಸರಿಮಾಡಿದಾಗ ಅವನ ಮಷಿನ್ನಿನಲ್ಲಿ ಲೋಡ್ ಸಮಯ ಸುಮಾರು 70% ಇಳಿಯಿತು. ಕಂಪನಿ ಅವನಿಗೆ 10,000 ಡಾಲರ್ ಕೊಟ್ಟು, ಅದೇ ತಿದ್ದುಪಡಿಯನ್ನು ಗೇಮಿಗೆ ಸೇರಿಸಿತು. ಹಾಗಾಗಿ ಎಸ್‌ಎಸ್‌ಡಿ ಹಾಕಿದ ಮೇಲೂ ಯಾವುದೋ ಒಂದು ಗೇಮ್ ನಿಧಾನ ಅನಿಸಿದರೆ ಡ್ರೈವನ್ನು ಬೈಯಬೇಡಿ.

ಎಫ್‌ಪಿಎಸ್ ಕೇಳಿದಿರಿ. ಜಾಸ್ತಿ ಆಗುವುದಿಲ್ಲ. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಚಿಪ್, ಡಿಸ್ಕಲ್ಲ. ಆದರೆ ಜಿಟಿಎಯಲ್ಲಿ ಕಾರು ಜೋರಾಗಿ ಓಡಿಸುವಾಗ ರಸ್ತೆ, ಕಟ್ಟಡ ತಡವಾಗಿ ಮೂಡುವುದು, ನಡುವೆ ತಡೆತಡೆದು ನಿಲ್ಲುವುದು ಇರುತ್ತದಲ್ಲ, ಅದು ತುಂಬಾ ಕಡಿಮೆ ಆಗುತ್ತದೆ. ಈಚಿನ ಕೆಲವು ಗೇಮುಗಳಂತೂ ಎಸ್‌ಎಸ್‌ಡಿ ಇಲ್ಲದೆ ಬರಲೇಬೇಡಿ ಅನ್ನುತ್ತವೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಕನಿಷ್ಠ ಬೇಕಾದ್ದರ ಪಟ್ಟಿಯಲ್ಲೇ 125 ಜಿಬಿ ಜಾಗ, ಎಸ್‌ಎಸ್‌ಡಿ ಕಡ್ಡಾಯ ಅಂತ ಬರೆದಿದೆ. ನಿಮ್ಮ 1050ಗೆ ಅದು ಹೇಗೂ ಏಳುವುದಿಲ್ಲ ಬಿಡಿ.

ಇನ್ನು ಹೊಟ್ಟೆಯ ವಿಷಯ. ಆ ಕಾಲದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಜಾಗದ ಜೊತೆಗೆ ಎಂ.2 ಅನ್ನುವ ಒಂದು ಸ್ಲಾಟ್ ಖಾಲಿ ಇರುವುದು ಸಾಮಾನ್ಯ. ಖಾಲಿ ಇದ್ದರೆ ನಿಮ್ಮ ಅದೃಷ್ಟ. ಹೊಸ ಡ್ರೈವ್ ಅಲ್ಲಿ ಹೋಗುತ್ತದೆ, ಹಳೆಯ 1 ಟಿಬಿ ತನ್ನ ಜಾಗದಲ್ಲೇ ಇರುತ್ತದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಂಡಿದ್ದರೆ ಹಾರ್ಡ್ ಡಿಸ್ಕನ್ನು ಹೊರಗೆ ಹಾಕಬೇಕಿತ್ತು. ಮೊದಲನೆಯವರ ಸಲಹೆಗೆ ನಾನು ಪೂರ್ತಿ ಹೂಂ ಅನ್ನದಿದ್ದದ್ದು ಇದಕ್ಕೇ.

ಆದರೆ ಎಂ.2 ಅನ್ನುವುದು ಆಕಾರದ ಹೆಸರು, ಒಳಗಿನ ಭಾಷೆಯ ಹೆಸರಲ್ಲ. ಇಲ್ಲೇ ಜನ ಎಡವುವುದು. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಸಿಗುತ್ತದೆ, ಎನ್‌ವಿಎಂಇ ಡ್ರೈವೂ ಸಿಗುತ್ತದೆ. ಕೆಲವು ಸ್ಲಾಟು ಎರಡನ್ನೂ ಒಪ್ಪುತ್ತದೆ, ಕೆಲವು ಒಂದನ್ನು ಮಾತ್ರ. ಸಾಗರದ ಕಡೆಯ ಒಬ್ಬರು ಹೀಗೇ ಎಲ್ಲಿಂದಲೋ ಎಂ.2 ಸಾಟಾ ತಂದು, ಸ್ಲಾಟಿಗೆ ಸರಿಯಾಗಿ ಕೂತಿದೆ, ಸ್ಕ್ರೂನೂ ಬಿಗಿದಿದ್ದೇನೆ, ಆದರೂ ಕಾಣಿಸ್ತಿಲ್ಲ ಅಂತ ಎರಡು ದಿನ ತಲೆ ಚಚ್ಚಿಕೊಂಡಿದ್ದರು. ಕೂರುವುದು ಬೇರೆ, ಮಾತಾಡುವುದು ಬೇರೆ. ಡ್ರೈವಿನ ಅಂಚಿನಲ್ಲಿ ಒಂದು ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಆದರೆ ಇದನ್ನೇ ನೆಚ್ಚಬೇಡಿ. ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಹಾಕಿ ಕಂಪನಿಯ ಸೈಟಿನಿಂದ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಸ್ಲಾಟ್ ಏನು ಒಪ್ಪುತ್ತದೆ, ಯಾವ ಸ್ಕ್ರೂ ಎಲ್ಲಿ, ಎಲ್ಲ ಚಿತ್ರದ ಸಮೇತ ಇರುತ್ತದೆ. ಉದ್ದ ಹೆಚ್ಚಾಗಿ 2280, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ.

ಹೊಟ್ಟೆ ಬಿಚ್ಚಿದಾಗ ಆ ಸ್ಲಾಟಿನಲ್ಲಿ ಈಗಾಗಲೇ ಚಿಕ್ಕದೊಂದು ಕಾರ್ಡು ಕೂತಿದ್ದರೆ, ಅದರ ಮೇಲೆ ಆಪ್ಟೇನ್ 16 ಜಿಬಿ ಅಂತ ಇದ್ದರೆ, ಕೈ ಹಿಂದಕ್ಕೆ ತಗೊಳ್ಳಿ. ಹಾರ್ಡ್ ಡಿಸ್ಕಿಗೆ ವೇಗ ಕೊಡಲು ಇಂಟೆಲ್ ಆ ವರ್ಷಗಳಲ್ಲಿ ತಂದಿದ್ದ ಉಪಾಯ ಅದು. ಎರಡೂ ಸೇರಿ ಒಂದೇ ಡಿಸ್ಕಿನ ಹಾಗೆ ಕೆಲಸ ಮಾಡುತ್ತಿರುತ್ತವೆ. ಹಾಗೇ ಕಿತ್ತರೆ ವಿಂಡೋಸ್ ಏಳದೇ ಹೋಗಬಹುದು. ಮೊದಲು ಇಂಟೆಲ್ ಕೊಟ್ಟ ರ‍್ಯಾಪಿಡ್ ಸ್ಟೋರೇಜ್ ಆ್ಯಪಿನಲ್ಲಿ ಆಪ್ಟೇನ್ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ತೆಗೆಯಿರಿ.

ಕೊಳ್ಳುವಾಗ ನೋಡಬೇಕಾದ್ದು ಮೂರೇ ಸಂಗತಿ. ಒಂದು, ಒಳಗಿನ ಚಿಪ್ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ. ಟಿಎಲ್‌ಸಿಯಲ್ಲಿ ಒಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ನಾಲ್ಕು ತುರುಕಿದಷ್ಟೂ ಅಗ್ಗ, ಆದರೆ ಬರೆಯುವ ವೇಗ, ಬಾಳಿಕೆ ಎರಡೂ ಕಡಿಮೆ. ದೊಡ್ಡ ಗೇಮ್ ಕಾಪಿ ಮಾಡುವಾಗ ಶುರುವಿನಲ್ಲಿ ಓಡಿ, ಅರ್ಧ ದಾರಿಯಲ್ಲಿ ಹಾರ್ಡ್ ಡಿಸ್ಕಿನಷ್ಟೇ ನಿಧಾನ ಆಗುವ ಕ್ಯೂಎಲ್‌ಸಿಗಳನ್ನು ನೋಡಿದ್ದೇನೆ. ಎರಡು, ವಾರಂಟಿ ಎಷ್ಟು ವರ್ಷ, ಟಿಬಿಡಬ್ಲ್ಯೂ ಎಷ್ಟು. ಟಿಬಿಡಬ್ಲ್ಯೂ ಅಂದರೆ ವಾರಂಟಿಯೊಳಗೆ ಎಷ್ಟು ಟಿಬಿ ಬರೆಯಬಹುದು ಅನ್ನುವ ಲೆಕ್ಕ. 1 ಟಿಬಿಯ ಟಿಎಲ್‌ಸಿ ಡ್ರೈವುಗಳಲ್ಲಿ 600 ಸಾಮಾನ್ಯ. ದಿನಕ್ಕೆ 40 ಜಿಬಿ ಬರೆದರೂ ವರ್ಷಕ್ಕೆ ಹದಿನಾಲ್ಕೂವರೆ ಟಿಬಿ, 600 ಮುಗಿಯಲು ನಲವತ್ತು ವರ್ಷ. ಅಷ್ಟರಲ್ಲಿ ನಿಮ್ಮ ಮಕ್ಕಳು ಆ ಲ್ಯಾಪ್‌ಟಾಪನ್ನು ನೋಡಿ ನಗುತ್ತಿರುತ್ತಾರೆ. ಎಸ್‌ಎಸ್‌ಡಿ ಬೇಗ ಸವೆಯುತ್ತೆ ಅಂತ ಯಾರಾದರೂ ಹೆದರಿಸಿದರೆ ಈ ಲೆಕ್ಕ ಹೇಳಿ. ಮೂರು, ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಅಂಟಿಸಿದ ಡ್ರೈವ್ ಬೇಡ. ಅದು ಡೆಸ್ಕ್‌ಟಾಪಿಗೆ. ನಿಮ್ಮ ತಳದ ಮುಚ್ಚಳ ಮುಚ್ಚುವುದಿಲ್ಲ.

500 ಜಿಬಿ ಸಾಕಲ್ವಾ ಅಂದರೆ, ಸಾಕಾಗುವುದಿಲ್ಲ. ಜಿಟಿಎ 5 ಒಂದೇ 100 ಜಿಬಿ ದಾಟುತ್ತದೆ. ವಿಂಡೋಸು, ಕಾಲೇಜಿನ ಸಾಫ್ಟ್‌ವೇರು, ಇನ್ನೊಂದು ಗೇಮು, ಅಷ್ಟಕ್ಕೆ ಮುಗಿಯಿತು. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿಸಿದರೆ ಅದು ನಿಧಾನವಾಗುತ್ತದೆ, ಹತ್ತು ಹದಿನೈದು ಪರ್ಸೆಂಟ್ ಖಾಲಿ ಬಿಡಬೇಕು. 1 ಟಿಬಿ ಹಾಕಿದ ಮೇಲೆ ವಿಂಡೋಸ್ 931 ಜಿಬಿ ಅಂತ ತೋರಿಸಿದರೆ ಮೋಸ ಹೋದೆ ಅಂದುಕೊಳ್ಳಬೇಡಿ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ನಿಜವಾದ ಮೋಸ ಬೇರೆ ಇದೆ. ಎರಡು ತಿಂಗಳ ಮೊಬೈಲ್ ರೀಚಾರ್ಜ್ ದುಡ್ಡಿಗೆ 2 ಟಿಬಿ ಅಂತ ಆನ್‌ಲೈನಿನಲ್ಲಿ ತೋರಿಸುವ ಡ್ರೈವುಗಳು. ಒಳಗೆ ಸಣ್ಣದೊಂದು ಚಿಪ್ ಇಟ್ಟು, 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಜಾಗ ತುಂಬಿದ ಮೇಲೆ ನೀವು ಬರೆದದ್ದೆಲ್ಲ ಗಾಳಿಗೆ. ದುರ್ಗಿಗುಡಿಯಲ್ಲೋ ನೆಹರೂ ರೋಡಿನಲ್ಲೋ ಎರಡು ಅಂಗಡಿ ಸುತ್ತಿ, ಬಿಲ್ ಸಮೇತ ತಗೊಳ್ಳಿ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ.

ನೀವೇ ಹಾಕಬಹುದಾ? ಹಾಕಬಹುದು ಮಾರಾಯ್ರೇ. ಫೋನಿನ ಸಿಮ್ ಬದಲಿಸುವುದಕ್ಕಿಂತ ಸ್ವಲ್ಪ ಕಷ್ಟ, ಮಿಕ್ಸಿ ರಿಪೇರಿಗಿಂತ ಸುಲಭ. ಆದರೆ ಬಿಚ್ಚುವ ಮೊದಲಿನ ಕೆಲಸ ಮುಖ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂದರೆ ಉಳಿದದ್ದೆಲ್ಲ ಬಿಟ್ಟು ಫೋಟೊ, ಪ್ರಾಜೆಕ್ಟ್ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಡಿಸ್ಕ್ ಸಾಯುವ ಮೊದಲೂ ಹೀಗೇ 100% ತೋರಿಸುತ್ತದೆ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಪೇಪರಿನಲ್ಲಿ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಅಣ್ಣನದಲ್ವಾ, ಆ ಕೀ ಅವರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುವುದೇ ಜಾಸ್ತಿ. ಫೋನ್ ಮಾಡಿ ಕೇಳಿ.

ಬಿಚ್ಚಲು ಒಳ್ಳೆಯ ತುದಿಯ ಸಣ್ಣ ಸ್ಟಾರ್ ಸ್ಕ್ರೂ ಡ್ರೈವರ್ ಬೇಕು, ಪಿಎಚ್0 ಅಳತೆ. ಸವೆದದ್ದನ್ನು ತಂದು ಸ್ಕ್ರೂ ತಲೆ ಹಾಳು ಮಾಡಿದರೆ ಅಲ್ಲಿಗೆ ನಿಮ್ಮ ಕೆಲಸ ನಿಂತು ನನ್ನ ಕೆಲಸ ಶುರು. ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಎಲ್ಲ ಒಂದೇ ಉದ್ದ ಇರುವುದಿಲ್ಲ. ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಅಲ್ಲಾಡದಿದ್ದರೆ ರಬ್ಬರ್ ಪಾದದ ಕೆಳಗೆ ಒಂದು ಅಡಗಿರಬಹುದು. ಹಳೆಯ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ನಿಧಾನಕ್ಕೆ ಸರಿಸಿ. ಟಕ್, ಟಕ್ ಅಂತ ಸದ್ದು ಬರುತ್ತದೆ. ಮೊದಲ ಸಲ ಏನೋ ಮುರಿಯಿತು ಅಂತ ಎದೆ ಝಲ್ಲೆನ್ನುತ್ತದೆ. ಅದು ಪ್ಲಾಸ್ಟಿಕ್ ಕ್ಲಿಪ್ ಬಿಡುವ ಸದ್ದು ಅಷ್ಟೇ.

ಮುಚ್ಚಳ ಬಂದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಭಾಗವನ್ನು ಉಗುರಿನಿಂದ ಸರಿಸಿ. ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಬಿಡಲು ಯಾವುದಾದರೂ ಕಬ್ಬಿಣದ ವಸ್ತು ಮುಟ್ಟಿ. ನಮ್ಮಲ್ಲಿ ಮಳೆಗಾಲದಲ್ಲಿ ಇದರ ಕಾಟ ಕಡಿಮೆ, ಗಾಳಿಯಲ್ಲೇ ನೀರಿರುತ್ತದೆ. ಜನವರಿ ಫೆಬ್ರವರಿಯ ಒಣ ಚಳಿಯಲ್ಲಿ, ಉಣ್ಣೆ ಸ್ವೆಟರ್ ಹಾಕಿಕೊಂಡು ಮಾಡುವವರು ಜಾಗ್ರತೆ.

ಡ್ರೈವನ್ನು ಸ್ಲಾಟಿಗೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ತೂರಿಸಬೇಕು. ಬಂಗಾರ ಬಣ್ಣದ ಹಲ್ಲುಗಳು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಬೇಕು. ಕೈ ಬಿಟ್ಟರೆ ಇನ್ನೊಂದು ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಗಾಬರಿ ಬೇಡ, ಅದು ಹಾಗೇ ಇರಬೇಕು. ಆ ತುದಿಯನ್ನು ಬೆರಳಿನಿಂದ ಒತ್ತಿ ಸ್ಕ್ರೂ ಹಾಕಿ. ಈಗ ತಮಾಷೆ ಕೇಳಿ. ಸ್ಲಾಟ್ ಖಾಲಿ ಬಂದಿರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಸ್ಕ್ರೂನೇ ಇರುವುದಿಲ್ಲ. ಎರಡು ಮಿಲಿಮೀಟರ್ ದಪ್ಪ, ಎರಡು ಮೂರು ಮಿಲಿಮೀಟರ್ ಉದ್ದದ, ಸಾಸಿವೆಗಿಂತ ಸ್ವಲ್ಪ ದೊಡ್ಡ ವಸ್ತು. ಅದಕ್ಕಾಗಿ ಹುಡುಗರು ಸಂಜೆಯೆಲ್ಲ ಪೇಟೆ ಸುತ್ತುವುದನ್ನು ನೋಡಿದ್ದೇನೆ. ಒಬ್ಬ ಟೇಪ್ ಅಂಟಿಸಿ ತಂದಿದ್ದ. ಬಿಸಿಗೆ ಅಂಟು ಕರಗಿ ಡ್ರೈವ್ ಎದ್ದು ಕೂತಿತ್ತು. ಎಸ್‌ಎಸ್‌ಡಿ ಕೊಳ್ಳುವಾಗಲೇ ಅಂಗಡಿಯಲ್ಲಿ ಎಂ.2 ಸ್ಕ್ರೂ ಒಂದೆರಡು ಕೇಳಿ ಇಸ್ಕೊಳ್ಳಿ.

ಬಿಚ್ಚಿದ್ದೇ ಬಿಚ್ಚಿದಿರಿ, ಫ್ಯಾನನ್ನೂ ಬ್ರಷ್ಷಿನಲ್ಲಿ ಒರೆಸಿ. ಅಡಿಕೆ ಸುಲಿಯುವ ಮನೆಯ ಲ್ಯಾಪ್‌ಟಾಪುಗಳ ಫ್ಯಾನು ನೋಡಬೇಕು ನೀವು. ಸಿಪ್ಪೆಯ ನಾರು, ಧೂಳು, ಒಲೆಯ ಮಸಿ ಎಲ್ಲ ಸೇರಿ ಕಂಬಳಿ ಹೊದ್ದ ಹಾಗಿರುತ್ತದೆ.

ಇನ್ನು ವಿಂಡೋಸ್. ಹಳೆಯದನ್ನು ಹಾಗೇ ಕ್ಲೋನ್ ಮಾಡಲಾ, ಹೊಸದು ಹಾಕಲಾ? ನಿಮಗೆ ಹೊಸದೇ ಸರಿ. ಏಳೆಂಟು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತುಕೊಂಡು ಹೋಗುವುದು ಯಾಕೆ? ಹೇಗೂ ವಿಂಡೋಸ್ 10ರ ಉಚಿತ ಬೆಂಬಲದ ಗಡುವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ 8ನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ಕ್ಕೆ ಸಲ್ಲುತ್ತದೆ. ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ಬರುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸು) ಟಿಪಿಎಂ ಅನ್ನುವ ಭದ್ರತೆಯ ಸೌಲಭ್ಯ ಆನ್ ಇರಬೇಕು, ಇಂಟೆಲ್ ಮಷಿನ್ನುಗಳಲ್ಲಿ ಅದರ ಹೆಸರು ಪಿಟಿಟಿ ಅಂತ ಇರುತ್ತದೆ. 8 ಜಿಬಿಯ ಪೆನ್ ಡ್ರೈವಿಗೆ ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ವಿಂಡೋಸ್ ಇಳಿಸಿ. ಈ ಕೆಲಸ ಹಾಸ್ಟೆಲ್ಲಿನಲ್ಲೋ ಕಾಲೇಜಿನಲ್ಲೋ ಮುಗಿಸಿ, ಊರಿನ ನೆಟ್ ನಂಬಬೇಡಿ. ವೈಫೈ ಡ್ರೈವರನ್ನೂ ಅದೇ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದೇ ಎಡಿಷನ್ ಹಾಕಿದರೆ, ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಈ ಒಂದು ಮಾತು ಮಾತ್ರ ಮರೆಯಬೇಡಿ. ವಿಂಡೋಸ್ ಹಾಕುವಾಗ ಹಾರ್ಡ್ ಡಿಸ್ಕಿನ ಕೇಬಲ್ ತೆಗೆದಿಡಿ. ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ತನ್ನ ಫೈಲುಗಳನ್ನು ಎಸ್‌ಎಸ್‌ಡಿಗೆ ಹಾಕಿ, ಬೂಟ್ ಮಾಡುವ ಚಿಕ್ಕ ಭಾಗವನ್ನು ಮಾತ್ರ ಹಳೆಯ ಡಿಸ್ಕಿನಲ್ಲೇ ಬಿಡಬಹುದು. ಆರು ತಿಂಗಳು ಎಲ್ಲ ಚೆನ್ನಾಗಿರುತ್ತದೆ. ಒಂದು ದಿನ ಹಾರ್ಡ್ ಡಿಸ್ಕ್ ಕೆಡುತ್ತದೆ, ಇಲ್ಲವೇ ನೀವು ತೆಗೆಯುತ್ತೀರಿ. ಹೊಸ ಎಸ್‌ಎಸ್‌ಡಿ ಗಟ್ಟಿಮುಟ್ಟಾಗಿದ್ದರೂ ಲ್ಯಾಪ್‌ಟಾಪ್ ಏಳುವುದಿಲ್ಲ. ಇಂಥ ಕೇಸು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಇನ್ನು, ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯಾಸಿನಲ್ಲಿ ಸ್ಟೋರೇಜ್ ಮೋಡ್ ಎಎಚ್‌ಸಿಐ ಇದೆಯಾ ನೋಡಿ.

ಕ್ಲೋನೇ ಮಾಡುತ್ತೇನೆ ಅನ್ನುವವರಿಗೆ ನನ್ನದೇ ಒಂದು ಕಥೆ. ಒಂದು ಮಳೆಗಾಲದ ರಾತ್ರಿ ನನ್ನ ಸ್ವಂತ ಲ್ಯಾಪ್‌ಟಾಪಿನ 1 ಟಿಬಿ ಡಿಸ್ಕನ್ನು ಹೊಸ 1 ಟಿಬಿಗೆ ಕ್ಲೋನ್ ಮಾಡಲು ಕೂತೆ. ಎರಡೂ ಒಂದೇ ಕಂಪನಿಯದು, ಒಂದೇ ಸೈಜು, ಪರದೆಯ ಮೇಲೆ ಒಂದೇ ಥರದ ಎರಡು ಹೆಸರು. ನಿದ್ದೆಗಣ್ಣಲ್ಲಿ ಖಾಲಿಯದನ್ನು ತುಂಬಿದ್ದರ ಮೇಲೆ ಕಾಪಿ ಮಾಡಿಬಿಟ್ಟೆ. ಅಷ್ಟು ವರ್ಷದ ಫೋಟೊ ಹೋಯಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅವತ್ತಿಂದ ಹಳೆಯ ಡಿಸ್ಕಿನ ಮೇಲೆ ಟೇಪ್ ಅಂಟಿಸಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ದೊಡ್ಡದಾಗಿ ಬರೆದು, ಪರದೆಯ ಜೊತೆ ತಾಳೆ ನೋಡಿ, ಆಮೇಲೆ ಬಟನ್ ಒತ್ತುತ್ತೇನೆ. ಇನ್ನೊಂದು, ಹಳೆಯ ಗೇಮಿಂಗ್ ಲ್ಯಾಪ್‌ಟಾಪುಗಳ ಬ್ಯಾಟರಿ ಹೆಚ್ಚಾಗಿ ಸತ್ತಿರುತ್ತದೆ. ನಮ್ಮ ಕಡೆ ಜೋರು ಗಾಳಿ ಬಂದರೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗುವುದು ಹೊಸದಲ್ಲ. ಕ್ಲೋನೋ, ವಿಂಡೋಸೋ, ಬಯಾಸ್ ಅಪ್‌ಡೇಟೋ, ಯುಪಿಎಸ್ ಇರುವ ಕಡೆ ಕೂತು ಮಾಡಿ. ಗುಡುಗು ಸಿಡಿಲಿನ ಸಂಜೆ ಆ ಕೆಲಸವೇ ಬೇಡ.

ಗೇಮುಗಳನ್ನು ಮತ್ತೆ ಇಳಿಸುವ ಅಗತ್ಯ ಇಲ್ಲ. ಊರಿನ ನೆಟ್ 10 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ, 100 ಜಿಬಿ ಇಳಿಯಲು ಬಿಡದೆ ಇಪ್ಪತ್ತೆರಡು ಗಂಟೆ ಬೇಕು. ಅದೇ ಹಳೆಯ ಡಿಸ್ಕಿನಿಂದ ಕಾಪಿ ಮಾಡಿದರೆ ಅರ್ಧ ಗಂಟೆ. ವಿಂಡೋಸ್ ಹಾಕಿ ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ಹಾರ್ಡ್ ಡಿಸ್ಕಿನ ಕೇಬಲ್ ಮತ್ತೆ ಸಿಕ್ಕಿಸಿ. ಗೇಮ್ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯದಾದರೆ ಸೆಟ್ಟಿಂಗ್ಸಿನ ಸ್ಟೋರೇಜಿಗೆ ಹೋಗಿ ಹಳೆಯ ಡಿಸ್ಕಿನ ಲೈಬ್ರರಿ ಫೋಲ್ಡರ್ ಸೇರಿಸಿ. ಗೇಮುಗಳು ತಾವೇ ಕಾಣಿಸುತ್ತವೆ. ಬೇಕಾದ್ದನ್ನು ಆರಿಸಿ ಎಸ್‌ಎಸ್‌ಡಿಗೆ ಮೂವ್ ಮಾಡಿ. ಎಪಿಕ್ ಅನ್ನುವ ಇನ್ನೊಂದು ಅಂಗಡಿ ಸ್ವಲ್ಪ ಸತಾಯಿಸುತ್ತದೆ. 2020ರ ಮೇ ತಿಂಗಳಲ್ಲಿ ಎಪಿಕ್‌ನವರು ಜಿಟಿಎ 5 ಪುಕ್ಕಟೆ ಹಂಚಿದ್ದರಲ್ಲ, ನಿಮ್ಮ ಅಣ್ಣನೂ ಆಗಲೇ ತಗೊಂಡಿದ್ದರೆ ಈ ಉಪಾಯ ಬೇಕಾಗುತ್ತದೆ. ಗೇಮನ್ನು ಎಸ್‌ಎಸ್‌ಡಿಯಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಶುರು ಮಾಡಿ, ಒಂದೆರಡು ಪರ್ಸೆಂಟ್ ಆದ ಕೂಡಲೇ ನಿಲ್ಲಿಸಿ, ಎಪಿಕ್ ಪೂರ್ತಿ ಮುಚ್ಚಿ. ಹಳೆಯ ಫೋಲ್ಡರಿನ ಫೈಲುಗಳನ್ನು ಹೊಸ ಫೋಲ್ಡರಿಗೆ ಕಾಪಿ ಮಾಡಿ. ಮತ್ತೆ ಶುರು ಮಾಡಿದರೆ ಅದು ಇರುವ ಫೈಲುಗಳನ್ನು ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ಎಸ್‌ಎಸ್‌ಡಿಗೆ ಬೇರೆ ಯಾವ ಆರೈಕೆಯೂ ಬೇಡ. ಚೂರುಗಳನ್ನು ಪಕ್ಕಪಕ್ಕ ಜೋಡಿಸುವ ಡಿಫ್ರಾಗ್ ಸಾಫ್ಟ್‌ವೇರ್ ಹಾಕಬೇಡಿ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಫೈಲುಗಳ ಜಾಗ ಯಾವುದು ಅಂತ ಡ್ರೈವಿಗೆ ತಿಳಿಸುವುದನ್ನು, ವಿಂಡೋಸ್ ತಾನೇ ಆಗಾಗ ಮಾಡುತ್ತದೆ. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಬ್ಯಾಗಿನಲ್ಲೇ ಬಿಟ್ಟು ಬೂಷ್ಟು ಹಿಡಿಸಬೇಡಿ. ದಿನಕ್ಕೆ ಒಂದು ಗಂಟೆ ಓಡಿಸಿದರೆ ಅದರ ಬಿಸಿಗೇ ತೇವ ಆರುತ್ತದೆ.

ಹಳೆಯ ಹಾರ್ಡ್ ಡಿಸ್ಕನ್ನು ಎರಡು ವಾರ ಮುಟ್ಟಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಏನೋ ಬಿಟ್ಟುಹೋಗಿದೆ ಅಂತ ನೆನಪಾಗುವುದು ಹೆಚ್ಚಾಗಿ ಹತ್ತನೇ ದಿನ. ಆಮೇಲೆ ಅದನ್ನು ಮನೆಯ ಫೋಟೊ, ವಿಡಿಯೊ ಇಡಲು ಬಳಸಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ವಸ್ತುವಿಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ವಾಸಿ. ಕರೆಂಟ್ ಕಾಣದೆ ಬಿದ್ದಿರುವ ಎಸ್‌ಎಸ್‌ಡಿ ನಿಧಾನವಾಗಿ ಮರೆಯಲು ಶುರು ಮಾಡುತ್ತದೆ. ಬಾಳಿಕೆ ಪೂರ್ತಿ ಮುಗಿದ ಡ್ರೈವ್ ಕೂಡ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ನೆನಪಿಟ್ಟುಕೊಳ್ಳಬೇಕು ಅನ್ನುವುದು ಈ ಉದ್ಯಮದ ಅಳತೆಗೋಲು. ಹೊಸ ಡ್ರೈವ್ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಆದರೂ ಅಜ್ಜಿಯ ಫೋಟೊ ಇರುವ ಒಂದೇ ಒಂದು ಕಾಪಿಯನ್ನು ಅದರ ಮೇಲೆ ನಂಬಿಸಿ ಬಿಡಬೇಡಿ.

ಎಸ್‌ಎಸ್‌ಡಿಗೆ ಕೊಟ್ಟು ಅಪ್ಪಯ್ಯನ ದುಡ್ಡು ಮಿಕ್ಕಿದರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿ. ಡಿಡಿಆರ್4, 2666, ಲ್ಯಾಪ್‌ಟಾಪಿನದ್ದು. ಬಿಚ್ಚಿದಾಗಲೇ ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ಅಂತ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಒಂದೇ ಕಡ್ಡಿ ಇದ್ದದ್ದು ಎರಡಾದರೆ ಪ್ರೊಸೆಸರಿಗೆ ಎರಡು ದಾರಿ ತೆರೆಯುತ್ತದೆ. ನೀವು ಕೇಳಿದ ಎಫ್‌ಪಿಎಸ್ ಏನಾದರೂ ಸ್ವಲ್ಪ ಏರುವುದಿದ್ದರೆ ಅಲ್ಲಿ.